ಡಬ್ಬಿಗೆ ಬೆಚ್ಚಗಿತ್ತು

ಮಧ್ಯಾಹ್ನದ ಹೊತ್ತಿಗೆ ಕೂಸು ಅಳುವುದನ್ನು ನಿಲ್ಲಿಸಿತು. ಬೆಳಗಿನಿಂದ ಅದು ಅಳುತ್ತಿದೆಯೆಂದು ಸಂಕಟಪಟ್ಟಿದ್ದ ಜೆಂತಾಳ ಎದೆ ಈಗ ಧಸಕ್ಕೆಂದಿತು. ತಿಂಗಳು ತುಂಬದೆ ಹುಟ್ಟಿದ ಮೊಮ್ಮಗಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಮೊನ್ನೆಯಷ್ಟೇ ಮನೆಗೆ ಬಂದಿತ್ತು. ಬೆಚ್ಚಗಿಡಿ, ಅದೇ ಔಷಧ ಎಂದು ಹೇಳಿ ಕಳಿಸಿದ್ದರು. ಮಗಳು ಇವೆತಾಳ ಮಡಿಲಲ್ಲಿ ಆ ಕೂಸಿನ ತುಟಿ ನೇರಳೆಗೆ ತಿರುಗುತ್ತಿತ್ತು.

ಕಿಟಕಿಯ ಕೆಳಗಿನ ಕಬ್ಬಿಣದ ಕೊಳವೆಗಳು ಬೆಳಗಿನಿಂದ ತಣ್ಣಗಾಗುತ್ತಲೇ ಇದ್ದವು. ಊರಾಚೆಯ ಬಾಯ್ಲರಿನ ಬಿಸಿನೀರು ನೆಲದಡಿ ಹರಿದುಬಂದು ರೇಜೆಕ್ನೆ ಊರಿನ ಈ ಕಟ್ಟಡಗಳನ್ನು ಕಾಯಿಸಬೇಕು. ಮೊದಲು ನೆಲಮಾಳಿಗೆಯಲ್ಲಿ ಚಕ್ರ ತಿರುಗಿಸಲು ಒಬ್ಬ ಮನುಷ್ಯನಿದ್ದ. ಈ ಸಲ ಎಲೆ ಉದುರುವ ಕಾಲಕ್ಕೆ ಅವನ ಜಾಗಕ್ಕೆ ಯಂತ್ರ ಬಂತು. ಹೊರಗೋಡೆಗೆ ಬಿಳಿ ಡಬ್ಬಿಯೊಂದನ್ನು ಅಂಟಿಸಿ ಹೋದರು. ಹೊರಗೆ ಚಳಿ ಎಷ್ಟೆಂದು ಡಬ್ಬಿ ಹೇಳುತ್ತದೆ, ಯಂತ್ರ ಅಷ್ಟಕ್ಕೆ ತಕ್ಕ ಬಿಸಿನೀರು ಬಿಡುತ್ತದೆ. ಕರೆಂಟಿನ ಲಗಾಮೂ ಅದರ ಕೈಯಲ್ಲೇ. ಕಟ್ಟಡದವರೆಲ್ಲ ಗಾಬರಿಬಿದ್ದು ಒಟ್ಟಿಗೆ ಹೀಟರ್ ಹಚ್ಚಿದಾಗ, ಭಾರ ಮಿತಿಮೀರಿತೆಂದು ಮನೆಗಳ ಕರೆಂಟನ್ನೇ ಕಡಿದುಬಿಟ್ಟಿತ್ತು.

ಉಳಿದದ್ದು ಗ್ಯಾಸಿನ ಒಲೆ. ಕೂಸಿಗೆ ಹೆಸರಿಡುವ ಊಟಕ್ಕೆಂದು ಜೆಂತಾ ಮುಂಜಾನೆಯೇ ಹಂದಿಕಾಲು ಬೇಯಲಿಟ್ಟಿದ್ದಳು. ದಿನವಿಡೀ ಬೆಂದರೇ ಆ ರಸ ತಣಿದಾಗ ಹೆಪ್ಪುಗಟ್ಟುವುದು. ಚಳಿ ಏರಿದಂತೆ ಉಳಿದ ಉರಿಗಳನ್ನೂ ಹಚ್ಚಿ ನೀರು ಕುದಿಸಿದಳು. ಗ್ಯಾಸ್ ಉರಿಯುವಾಗ ಕಿಟಕಿಯ ಮೇಲಿನ ಕಿಂಡಿ ತೆರೆದಿರಬೇಕು, ಇಲ್ಲದಿದ್ದರೆ ಮಲಗಿದವರು ಏಳುವುದಿಲ್ಲ. ಅಲ್ಲಿಯವರಿಗೆ ಇದು ತಾಯಿಹಾಲಿನೊಂದಿಗೆ ಬಂದ ಬುದ್ಧಿ. ಅವಳೂ ತೆರೆದಿಟ್ಟಿದ್ದಳು.

ಆಸ್ಪತ್ರೆಗೆ ಕರೆ ಮಾಡಿದ್ದಕ್ಕೆ, ಆಂಬುಲೆನ್ಸ್ ಹಿಮದಲ್ಲಿ ಹೂತುಕೊಂಡಿದೆ ಎಂಬ ಉತ್ತರ ಬಂತು. ಬಿಸಿನೀರಿನ ಕಚೇರಿಗೆ ಫೋನು ಮಾಡಿದರೆ ಅಲ್ಲಿನ ಹುಡುಗಿ ನಿಧಾನವಾಗಿ ಹೇಳಿದಳು:

"ಅಜ್ಜಿ, ನಿಮ್ಮ ಕಟ್ಟಡದ ಹೊರಗೆ ಬೆಚ್ಚಗಿದೆ ಅಂತ ತೋರಿಸ್ತಿದೆ. ಯಂತ್ರ ಸರಿಯಾಗೇ ಇದೆ."

ಎದುರುಮನೆಯ ದೊನಾತ್ ಆಗಷ್ಟೇ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಹುಬ್ಬಿನ ತುಂಬ ಮಂಜುಗಡ್ಡೆ.

"ಬೆಚ್ಚಗಂತಾ? ಹಂಗಾದ್ರೆ ನಡಿ ಜೆಂತಾ, ಆಲೂಗಡ್ಡೆ ನೆಡಾಣ. ಗೋಡೆ ತುಂಬಾ ಹಿಮ ಕಚ್ಕೊಂಡಿದೆ. ನಿನ್ನ ಕಿಂಡಿ ಪಕ್ಕದ ಆ ಡಬ್ಬಿಯಿಂದ ಮಾತ್ರ ನೀರು ತೊಟ್ಟಿಕ್ತಿದೆ. ಅದಕ್ಕೇನು ಸ್ನಾನ ಮಾಡಿಸ್ತಿದೀಯಾ?"

ಜೆಂತಾ ತಲೆಯೆತ್ತಿದಳು. ಕಿಂಡಿಯಿಂದ ಹಬೆ ಹೊಳೆಯಂತೆ ಹೊರಗೆ ಹರಿಯುತ್ತಿತ್ತು. ತನ್ನ ಹಬೆಗೆ ಡಬ್ಬಿ ಬೆಚ್ಚಗಾಗಿತ್ತು, ಅದನ್ನು ನಂಬಿ ಯಂತ್ರ ನೀರು ಬಿಗಿಹಿಡಿದಿತ್ತು. ಹೆದರಿದಷ್ಟೂ ಕುದಿಸಿದ್ದಳು. ಕುದಿಸಿದಷ್ಟೂ ಮನೆ ತಣ್ಣಗಾಗಿತ್ತು.

ಕಿಂಡಿ ಮುಚ್ಚಿ ಉರಿ ಇಟ್ಟುಕೊಂಡರೆ ಗ್ಯಾಸ್ ಕೊಲ್ಲುತ್ತದೆ. ಉರಿಯೂ ಆರಬೇಕು, ಕಿಂಡಿಯೂ ಮುಚ್ಚಬೇಕು. ಅವಳ ಕೈ ಒಲೆಯ ತಿರುಗಣೆಯ ಮೇಲೆ ನಿಂತುಬಿಟ್ಟಿತು. ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ. ತಾನು ತಿಳಿದದ್ದು ತಪ್ಪಾದರೆ?

"ಅಮ್ಮಾ, ಒಲೆ ಆರಿಸ್ಬೇಡ," ಎಂದಳು ಇವೆತಾ.

"ಆರಿಸ್ದೇ ಇದ್ರೆ ಬಿಸಿನೀರು ಬರಲ್ಲ ಕಣೇ."

ಒಂದೊಂದೇ ಉರಿ ಆರಿತು. ಜೆಂತಾ ಕಿಂಡಿ ಬಿಗಿದು, ಇವೆತಾಳ ಅಂಗಿಯೊಳಗೆ ಮೈಗೆ ಮೈ ತಾಗುವಂತೆ ಕೂಸನ್ನು ಇಳಿಸಿ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದಳು. ಹೊರಗಿನ ಡಬ್ಬಿ ತಣಿಯಬೇಕಿತ್ತು. ಜೀವಮಾನವೆಲ್ಲ ಶಪಿಸಿದ ಆ ಚಳಿಯನ್ನು ಅವಳು ಮನಸ್ಸಿನಲ್ಲೇ ಬೇಗ ಬಾ ಎಂದು ಬೇಡಿಕೊಂಡಳು.

ಮನೆ ಇನ್ನಷ್ಟು ತಣಿಯಿತು. ಕೊಳವೆಯ ಮೇಲಿಟ್ಟ ಅಂಗೈ ಮರಗಟ್ಟಿತು. ಬಹಳ ಹೊತ್ತಾದ ಮೇಲೆ, ಕಬ್ಬಿಣ ಬದಲಾಯಿತೋ ತನ್ನ ಕೈಯೇ ಸತ್ತಿತೋ ತಿಳಿಯದೆ, ಬಗ್ಗಿ ಅದಕ್ಕೆ ಕೆನ್ನೆ ಒತ್ತಿದಳು. ಬೆಚ್ಚಗಿತ್ತು. ಕಂಬಳಿಯೊಳಗೆ ಕೂಸು ಸಣ್ಣಗೆ ಕುಯ್‌ಗುಟ್ಟಿತು.

ಆಗ ಜೆಂತಾಳಿಗೆ ನಡುಕ ಹತ್ತಿತು. ಅಲ್ಲಿಯವರೆಗೆ ನಡುಗುವುದಕ್ಕೂ ಹೆದರಿದ್ದಳು.