ಮಾಡಬಾರದಿತ್ತಂತೆ

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಾಲರ್ ಹೊಲಿದವಳು. ಬರೀ ಕಾಲರ್. ಕಾರ್ಖಾನೆ ಮುಚ್ಚಿದಾಗ, ಪರದೇಶದ ಊರೊಂದರಲ್ಲಿ ಬಟ್ಟೆ ರಿಪೇರಿ ಅಂಗಡಿ ಇಟ್ಟಿದ್ದ ತಂಗಿ ಅವಳನ್ನು ತನ್ನಲ್ಲಿಗೆ ಕರೆಸಿಕೊಂಡಳು. ಕೈಗೆ ಕೆಲಸವೇನೋ ಸಿಕ್ಕಿತು, ಬಾಯಿಗೆ ಮಾತು ಸಿಗಲಿಲ್ಲ. ಅಂಗಡಿಗೆ ಬರುವವರೆಲ್ಲ ಆಡುತ್ತಿದ್ದುದು ಇಂಗ್ಲಿಷ್.

ಕಲಿಸುವ ಹೊಣೆ ಹೊತ್ತವರು ತಂಗಿಯ ಅತ್ತೆ. ಎಲ್ಲರಿಗೂ ಅವರು ಅತ್ತೆಮ್ಮ. ಆ ಊರಿಗೆ ಬಂದು ಬಹಳ ಕಾಲವಾಗಿದ್ದ ಅವರು ಇಂಗ್ಲಿಷನ್ನು ಸೊಪ್ಪು ಬಿಡಿಸಿದ ಹಾಗೆ ಎಲೆ ಬೇರೆ, ದಂಟು ಬೇರೆ ಮಾಡಿ ಕಲಿಸುತ್ತಿದ್ದರು. ಅಂಗಡಿಯ ಮೇಲೇ ಮನೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಅಡುಗೆಮನೆಯಲ್ಲೇ ಪಾಠ.

"ಶುಡ್ ಅಂದ್ರೆ ಮಾಡಬೇಕು. ಶುಡಂಟ್ ಅಂದ್ರೆ ಮಾಡಬಾರದು. ಶುಡಂಟ್ ಹ್ಯಾವ್ ಅಂದ್ರೆ ಮಾಡಬಾರದಿತ್ತು, ಮಾಡಿಬಿಟ್ಟೆ. ತಿಳೀತಾ?"

"ತಿಳೀತು ಅತ್ತೆಮ್ಮ."

ಅಡುಗೆಮನೆಯಲ್ಲಿ ತಿಳಿದದ್ದು ಮೆಟ್ಟಿಲಿಳಿಯುವಷ್ಟರಲ್ಲಿ ಕಲಸುಮೇಲೋಗರವಾಗುತ್ತಿತ್ತು. ಪಾರ್ಸೆಲ್ ತರುವವನು "ಹೌ ಆರ್ ಯು" ಎಂದು ಕೇಳುತ್ತಿದ್ದ. ಮೊಣಕಾಲು ನೋವಿನ ಸಂಗತಿಯನ್ನು ಅಕ್ಕ ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುವುದರೊಳಗೆ ಅವನು ಬೀದಿ ದಾಟಿರುತ್ತಿದ್ದ. ಉತ್ತರ ಬೇಡದವನು ಕೇಳುವುದಾದರೂ ಯಾಕೆ? ಒಬ್ಬಳು ಹುಡುಗಿ "ಸೀ ಯು ಲೇಟರ್" ಎಂದು ಹೋದಳೆಂದು ಅಕ್ಕ ಊಟಕ್ಕೂ ಏಳದೆ ಕಾದಳು. ಹುಡುಗಿ ಬರಲಿಲ್ಲ. ಮಾತಿಗೆ ತಪ್ಪುವವಳ ಹಾಗೆ ಕಾಣುತ್ತಿರಲಿಲ್ಲವಲ್ಲ ಎಂದು ಸಂಜೆಯವರೆಗೂ ಕೊರಗಿದಳು.

ಹೀಗಿರುವಾಗ ಒಬ್ಬ ವಯಸ್ಸಾದ ಹೆಂಗಸು ಗಂಡಸರ ಕೋಟೊಂದನ್ನು ತಂದಳು. ಬೂದು ಉಣ್ಣೆಯದು, ಮೊಣಕೈ ಸವೆದಿತ್ತು. ತಂಗಿ ಅವಳೊಂದಿಗೆ ಮಾತಾಡಿ ಅಳತೆ ತೆಗೆದುಕೊಂಡಳು. ಅವಳು ಹೋದ ಮೇಲೆ ಅಕ್ಕನಿಗೆ ಹೇಳಿದಳು: "ಗಂಡ ಹೋಗ್ಬಿಟ್ರಂತೆ. ಈ ಕೋಟು ಇವರ ಮೈಗೆ ಆಗೋ ಹಾಗೆ ಚಿಕ್ಕದು ಮಾಡಬೇಕು. ಎರಡೂ ಪಕ್ಕ ಒಳಗೆ ತೆಗಿ, ತೋಳು ಮೋಟು ಮಾಡು. ಹೊಲಿಗೆ ಸರಿಯಾಗಿ ಒಳಜೇಬಿನ ಮೇಲೆ ಬರುತ್ತೆ, ಅದನ್ನ ಕಿತ್ತುಹಾಕು. ಅವರಿಗೂ ಹೇಳಿದೀನಿ, ಆಗಲಿ ಅಂದ್ರು."

ಆದರೆ ಅಳತೆ ಕೊಡುವಾಗ ಕೋಟಿನಮ್ಮ ಮಾಡುತ್ತಿದ್ದುದನ್ನು ಅಕ್ಕ ನೋಡಿದ್ದಳು. ತಂಗಿ ಮಾತಾಡುತ್ತಿದ್ದಷ್ಟು ಹೊತ್ತೂ ಅವಳ ಕೈ ಆ ಒಳಜೇಬಿನಲ್ಲೇ ಇತ್ತು. ಬಿಚ್ಚಿ ನೋಡಿದರೆ ಜೇಬಿನ ಅಸ್ತರು ಕನ್ನಡಕದ ಗೂಡಿನ ಆಕಾರಕ್ಕೆ ಉಬ್ಬಿ ನಿಂತಿತ್ತು. ಅಕ್ಕ ಕೀಳಲಿಲ್ಲ. ಹೊಲಿಗೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಅದೇ ಬಟ್ಟೆಯಲ್ಲಿ ಅದೇ ಜೇಬನ್ನು ಕೈಹೊಲಿಗೆಯಲ್ಲಿ ಕೂರಿಸಿದಳು. ತಂಗಿಗೂ ಹೇಳಲಿಲ್ಲ.

ಕೋಟಿನಮ್ಮ ಹಾಕಿಕೊಂಡು ನೋಡಲು ಬಂದ ದಿನ ತಂಗಿ ದಾರ, ಝಿಪ್ ತರಲು ಪೇಟೆಗೆ ಹೋಗಿದ್ದಳು. ಅಕ್ಕ ಕೋಟು ತೊಡಿಸಿ, ಜೇಬನ್ನು ತೆರೆದು ತೋರಿಸಿದಳು. ಕೋಟಿನಮ್ಮ ಒಳಗೆ ಕೈ ಇಟ್ಟಳು. ಅವಳ ಮುಖ ಬಿಗಿಯಿತು, ಕಣ್ಣು ತುಂಬಿತು. ಅಕ್ಕನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು "ಓ, ಯು ಶುಡಂಟ್ ಹ್ಯಾವ್" ಎಂದಳು. ಕೆಳಗಿನ ಅಂಚು ಮಡಿಸುವುದು ಬಾಕಿಯಿತ್ತು. ಕೋಟನ್ನು ಬಿಚ್ಚಿಕೊಟ್ಟು ಕಣ್ಣೊರೆಸಿಕೊಳ್ಳುತ್ತಾ ಹೊರಟುಹೋದಳು.

ಶುಡಂಟ್ ಹ್ಯಾವ್. ಮಾಡಬಾರದಿತ್ತು, ಮಾಡಿಬಿಟ್ಟೆ. ಇಲ್ಲಿಗೆ ಬಂದಾಗಿನಿಂದ ಕೇಳಿದ ಅಷ್ಟೊಂದು ಮಾತುಗಳಲ್ಲಿ ಇದೊಂದು ಮಾತ್ರ ಅಕ್ಕನಿಗೆ ಪೂರ್ತಿ ಅರ್ಥವಾಗಿತ್ತು. ಆದರೂ ಅನುಮಾನ ಬಿಡಲಿಲ್ಲ. ಬೈಯುವವರು ಕೈ ಹಿಡಿಯುತ್ತಾರೆಯೇ? ಮೇಲೆ ಹೋಗಿ ಅತ್ತೆಮ್ಮನನ್ನು ಕೇಳಿದಳು.

"ಅಳ್ತಾ ಹೇಳಿದ್ರಾ?" ಎಂದರು ಅತ್ತೆಮ್ಮ.

"ಹೌದು."

"ಮತ್ತಿನ್ನೇನು? ಆರ್ತಾ ಇದ್ದ ಗಾಯ ಕೆರೆದುಬಿಟ್ಟೆ ನೀನು. ಒಳ್ಳೆ ಜನ, ಕೂಗಾಡಲಿಲ್ಲ. ಬೇಡ ಅಂದದ್ದನ್ನ ತೆಗೆದುಬಿಡಮ್ಮ."

ಅಕ್ಕ ಅಂದೇ ಜೇಬು ಬಿಚ್ಚಿ, ಅಸ್ತರನ್ನು ಚಿಂದಿಚೀಲಕ್ಕೆ ಹಾಕಿದಳು. ಅಂಚು ಮಡಿಸಿ, ಇಸ್ತ್ರಿ ಮಾಡಿ ಕೋಟನ್ನು ತೂಗುಹಾಕಿದಳು.

ಶನಿವಾರ ಬೆಳಿಗ್ಗೆ ಕೋಟಿನಮ್ಮ ಬಂದಳು. ತಂಗಿ ಹಿಂದಿನ ಕೋಣೆಯಲ್ಲಿ ಫೋನಿನಲ್ಲಿದ್ದಳು. ಕೋಟು ತೊಟ್ಟು, ಕನ್ನಡಿಯನ್ನೂ ನೋಡದೆ ಅವಳು ಒಳಗೆ ಕೈ ಹಾಕಿದಳು. ಕೈ ಅಲ್ಲೇ ತಡಕಾಡಿತು. "ವೇರ್ ಈಸ್ ಇಟ್?"

"ಶುಡಂಟ್ ಹ್ಯಾವ್," ಎಂದಳು ಅಕ್ಕ, ಕಲಿತದ್ದನ್ನೆಲ್ಲ ಒಟ್ಟುಮಾಡಿ. "ಸೋ, ನೋ ಪಾಕೆಟ್. ಸಾರಿ."

ಕೋಟಿನಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. ತಂಗಿ ಓಡಿಬಂದಳು. ಇಬ್ಬರೂ ಏನೇನೋ ಮಾತಾಡಿದರು. ತಂಗಿ ಹಣೆ ಹಣೆ ಚಚ್ಚಿಕೊಂಡಳು.

"ಅಕ್ಕ, ಅದು ಬೈಗುಳ ಅಲ್ಲ ಕಣೆ. ತುಂಬಾ ಸಂತೋಷ ಆದಾಗ ಹಾಗಂತಾರೆ."

"ಸಂತೋಷ ಆದ್ರೆ ಮಾಡಬಾರದಿತ್ತು ಅಂತ ಯಾಕಂತಾರೆ?"

"ನಾವೂ ಅಂತೀವಲ್ಲ, ಯಾರಾದ್ರೂ ಹಣ್ಣು ತಂದ್ರೆ? ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ ಅಂತ. ತಂದವರು ವಾಪಸ್ ತಗೊಂಡು ಹೋಗ್ತಾರಾ?"

ಅಕ್ಕ ಚಿಂದಿಚೀಲವನ್ನು ನೆಲದ ಮೇಲೆ ಸುರಿದಳು. ಮೂವರೂ ಮಂಡಿಯೂರಿ ಹುಡುಕಿದರು. ಅಸ್ತರು ಸಿಕ್ಕಿತು. ಆದರೆ ಬಿಚ್ಚುವ ಅವಸರದಲ್ಲಿ ಅಂಚಿನ ಎಳೆಗಳೆಲ್ಲ ಎದ್ದಿದ್ದವು. ಅಷ್ಟು ಭಾಗ ಕತ್ತರಿಸದೆ ವಿಧಿಯಿರಲಿಲ್ಲ. ಕೋಟಿನಮ್ಮನ ಎದುರಿನಲ್ಲೇ ಅಕ್ಕ ಕೂತು ಹೊಲಿದಳು. ಜೇಬು ಚಿಕ್ಕದಾಯಿತು. ಕನ್ನಡಕದ ಗೂಡು ಇನ್ನು ಹಿಡಿಸದು, ಬೆರಳುಗಳು ಹಿಡಿಸುತ್ತವೆ.

ಕೋಟಿನಮ್ಮ ಬೆರಳಿಟ್ಟು ನೋಡಿ ತಲೆಯಾಡಿಸಿದಳು. ಏನೋ ಅಂದಳು. ತಂಗಿ ನಕ್ಕಳು. ಅಕ್ಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬಾಗಿಲ ಹತ್ತಿರ ಕೋಟಿನಮ್ಮ ತಿರುಗಿ, ಅಕ್ಕನ ಕಡೆ ಬೆರಳು ತೋರಿಸಿ "ಟೇಕ್ ಕೇರ್" ಎಂದು ಹೊರಟಳು.

"ಹಾಗಂದ್ರೆ?"

"ಹುಷಾರಾಗಿರು ಅಂತ."

ಅಕ್ಕ ಗಾಜಿನಾಚೆ ದೂರವಾಗುತ್ತಿದ್ದ ಬೂದು ಕೋಟನ್ನೇ ನೋಡಿದಳು. "ಹುಷಾರು ಅಂದ್ರೆ ಮೈ ಚೆನ್ನಾಗಿ ನೋಡ್ಕೋ ಅಂತಾನಾ? ಇಲ್ಲಾ ಇನ್ನೊಂದ್ಸಲ ಹೀಗೆ ಮಾಡಿದ್ರೆ ಹುಷಾರ್ ಅಂತಾನಾ?"

ತಂಗಿ ಚಿಂದಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. "ಎರಡೂ ಇರಬಹುದು ಬಿಡು," ಎಂದಳು.