ಗೋಡೆಯ ಚುಕ್ಕೆ

ಅಣುವಿನೊಳಗಣ ಅಣುವನ್ನೂ ಬಲ್ಲವನೂ, ಕಾಣುವ ಕಣ್ಣಿಗೆ ಬೆಳಕನ್ನೂ ಕಾಣದ ಕಣ್ಣಿಗೆ ಕ್ಷಮೆಯನ್ನೂ ಇರಿಸಿದವನೂ ಆದ ಪರಮದಯಾಳುವಿನ ಹೆಸರನ್ನು ಮೊದಲು ನೆನೆದು, ಈ ಕತೆ.

ಶರಿಪಾ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಚರ್ರನೆ ಹರಿದಳು. ಸಾವಿನ ಮನೆಗೆ ಬಂದವರು ಬರಿಗೈಯಲ್ಲಿ ಮರಳಬಾರದು. ಗೇಣಗಲದ ತುಂಡಾದರೂ ಅವರ ಕೈಸೇರಬೇಕು. ಸತ್ತವನು ಅವಳ ತಮ್ಮ ತೋರೆಬಾಯ್. ಸಮುದ್ರ ಬತ್ತಿಹೋದ ಮುಯ್ನಾಕ್ ಊರಿನಲ್ಲಿ ಹದಿನೆಂಟು ವರ್ಷ ಕ್ಯಾಮೆರಾಗಳ ಧೂಳು ತೆಗೆದು ಬದುಕಿದವನು.

“ಬಟ್ಟೆ ಸಾಲಲ್ಲ ಜುಮಾಗುಲ್,” ಎಂದಳು ತಮ್ಮನ ಹೆಂಡತಿಗೆ. “ನುಕೂಸಿನ ಬಸ್ಸು ಈಗಷ್ಟೇ ಬಂತು. ತುಂಬ ಜನ ಇಳಿದ್ರು.”

“ಬದುಕಿದ್ದಾಗ ಧೂಳು ಬರದ ಹಾಗೆ ಬಾಗಿಲಿಗೆ ಒದ್ದೆ ಚಾದರ ಕಟ್ಟಿ ಯಾರನ್ನೂ ಒಳಗೆ ಬಿಡ್ತಿರಲಿಲ್ಲ ಪುಣ್ಯಾತ್ಮ,” ಎಂದಳು ನೆರೆಮನೆಯ ಮುದುಕಿ ಉಲ್‌ಬಿಕೆ. “ಈಗ ನೋಡು, ಊರಿಗೆ ಊರೇ ಒಳಗೆ. ಮೈಮೇಲಿನ ಧೂಳಿನ ಸಮೇತ.”

ಹೆಂಗಸರು ನಕ್ಕರು, ನಗುವಿನ ಬೆನ್ನಿಗೇ ಯಾರೋ ಅತ್ತರು. ಜುಮಾಗುಲ್ ನಗಲೂ ಇಲ್ಲ, ಅಳಲೂ ಇಲ್ಲ. ಹೆಣವನ್ನು ಎತ್ತುವ ಮುನ್ನ ಮುಖ ತೆರೆದು ತೋರಿಸುತ್ತಾರೆ. ಆಗ ಹೆಂಡತಿಯಾದವಳು ‘ನನಗೆ ನಿಮ್ಮ ಮೇಲೆ ಮುನಿಸಿಲ್ಲ, ನೀವೂ ನನ್ನನ್ನು ಮನ್ನಿಸಿ’ ಎನ್ನಬೇಕು. ಮನ್ನಿಸಿ ಎಂದು ಯಾವ ಬಾಯಿಂದ ಕೇಳುವುದು? ಅವನನ್ನು ಕೊಂದವಳು ತಾನೇ ಎಂದು ಅವಳು ನಂಬಿದ್ದಳು.

“ಅವರ ಕೋಣೇಲಿ ಬಿಳಿ ಬಟ್ಟೆಯ ಥಾನಿದೆ ಆಪಾ,” ಎಂದು ಎದ್ದಳು. “ತರ್ತೀನಿ.”

*

ಬತ್ತಿದ ಸಮುದ್ರದ ತಳದಿಂದ ಏಳುವ ಧೂಳು ಬರಿಯ ಮಣ್ಣಲ್ಲ, ಉಪ್ಪು. ತುಕ್ಕು ಹಿಡಿದ ಹಡಗುಗಳ ನಡುವೆ ನಿಂತು ಲೆನ್ಸ್ ಬದಲಿಸಿದ ಪ್ರವಾಸಿಗರ ಕ್ಯಾಮೆರಾದೊಳಗೆ ಅದು ನುಗ್ಗಿ, ಬೆಳಕನ್ನು ಹಿಡಿಯುವ ಉಗುರಗಲದ ಸೆನ್ಸರಿನ ಮೇಲೆ ಕೂರುತ್ತಿತ್ತು. ತೋರೆಬಾಯ್ ಕ್ಯಾಮೆರಾದ ಬಾಯಿಯನ್ನು ನೆಲಕ್ಕೆ ಮುಖಮಾಡಿ ಹಿಡಿದು, ರಬ್ಬರಿನ ಉಂಡೆಯನ್ನು ಒತ್ತಿ ಕೆಳಗಿನಿಂದ ಗಾಳಿ ಊದುತ್ತಿದ್ದ.

“ಬಾಯಿಂದ ಊದಬೇಡ ಮಾರಾಯ್ತಿ,” ಎಂದು ಜುಮಾಗುಲಳ ಕೈಹಿಡಿದು ಕಲಿಸಿದ್ದ. “ಉಗುಳು ಬಿದ್ರೆ ಮುಗೀತು. ಮೊದಲು ಗಾಳಿ. ಉಪ್ಪಿನ ಹರಳು ಉದುರದೆ ಒರೆಸಿದ್ರೆ ಗೀರು ಬೀಳುತ್ತೆ. ಆಮೇಲೆ ಬಟ್ಟೆಗೆ ಒಂದೇ ಹನಿ ಸ್ಪಿರಿಟ್ಟು. ಎಡದಿಂದ ಬಲಕ್ಕೆ ಒಂದೇ ಸಲ. ಮಗ್ಗಲು ಬದಲಿಸಿ ಬಲದಿಂದ ಎಡಕ್ಕೆ.”

ಒರೆಸಿದ ಮೇಲೆ ಬಿಳಿಗೋಡೆಯ ಪಟ ತೆಗೆಯುತ್ತಿದ್ದ. ಅದರಲ್ಲಿ ಚುಕ್ಕೆ ಕಂಡರೆ ಇನ್ನೊಂದು ಕ್ಯಾಮೆರಾದಿಂದ ಅದೇ ಗೋಡೆಯನ್ನು ತೆಗೆದು ನೋಡುವನು. ಅಲ್ಲಿ ಚುಕ್ಕೆ ಇಲ್ಲದಿದ್ದರೆ ಧೂಳು ಯಂತ್ರದ್ದು; ಅಲ್ಲಿಯೂ ಇದ್ದರೆ ಗೋಡೆಯದು. ತೀರ್ಪನ್ನು ಗಿರಾಕಿಯ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುವನು.

ಒಮ್ಮೆ ಮದುವೆಯ ಪಟ ತೆಗೆಯುವವನೊಬ್ಬನ ಸೆನ್ಸರಿನಲ್ಲಿ ಒರೆಸಲಾಗದ ಗೀರು ಕಂಡಿತು. ತೋರೆಬಾಯ್ ಏನನ್ನೂ ಹೇಳದೆ ಕ್ಯಾಮೆರಾ ಮರಳಿಸಿದ.

“ಹೇಳೋದಲ್ವಾ?” ಎಂದಿದ್ದಳು ಜುಮಾಗುಲ್.

“ಹೇಳಿ ಏನು ಮಾಡ್ಲಿ? ಮದುವೆ ಕಾಲ ಮುಗೀಲಿ. ಅಲ್ಲೀವರೆಗೆ ನಗ್ತಾ ಕೆಲಸ ಮಾಡ್ಕೊಂಡಿರ್ಲಿ.”

*

ಕಳೆದ ವಸಂತದಲ್ಲಿ ಅವನಿಗೆ ಕೆಮ್ಮು ಹತ್ತಿತು. ನುಕೂಸಿನಲ್ಲಿ ಎದೆಯ ಎಕ್ಸ್‌ರೇ ತೆಗೆದರು. ವೈದ್ಯೆ ಪಟವನ್ನು ಬೆಳಕಿಗೆ ಹಿಡಿದು ಎರಡು ಚುಕ್ಕೆಗಳನ್ನು ತೋರಿಸಿದಾಗ ತೋರೆಬಾಯ್ ಕಸುಬುದಾರನ ಗತ್ತಿನಿಂದ ನಕ್ಕುಬಿಟ್ಟ.

“ಇದು ಧೂಳು, ತಂಗಿ. ನಿಮ್ಮ ಯಂತ್ರದ್ದು. ನನ್ನ ಹತ್ರ ಕೊಡಿ, ಅರ್ಧ ಗಂಟೇಲಿ ಒರೆಸಿಕೊಡ್ತೀನಿ.”

ಜುಮಾಗುಲಳೂ ನಕ್ಕಳು. ಅವನ ಕಣ್ಣನ್ನು ನಂಬದೆ ಬೇರಾರ ಕಣ್ಣನ್ನು ನಂಬಬೇಕಿತ್ತು? ಆ ವೈದ್ಯೆ ಮೂರು ಸಲ ಫೋನು ಮಾಡಿ, ತಡಮಾಡದೆ ಕರೆತನ್ನಿ ಎಂದು ಬೇಡಿಕೊಂಡಳು. ಮೂರನೆಯ ಸಲ ಜುಮಾಗುಲ್ ರೇಗಿದಳು. “ಮೊದ್ಲು ನಿಮ್ಮ ಯಂತ್ರ ಒರೆಸ್ಕೊಳ್ಳಿ. ಆಮೇಲೆ ನನ್ನ ಗಂಡನ ಎದೆ ನೋಡೋರಂತೆ.”

ಪಕ್ಕದಲ್ಲಿ ಕುಳಿತಿದ್ದ ತೋರೆಬಾಯ್ ಕೆಮ್ಮುತ್ತ ನಕ್ಕ. “ಸರಿಯಾಗಿ ಹೇಳ್ದೆ ನೋಡು,” ಎಂದ. ಫೋನು ಮತ್ತೆ ಬರಲಿಲ್ಲ.

*

ಕೋಣೆಯ ಬಾಗಿಲಿನ ಚಾದರ ಒಣಗಿ ಹಲಗೆಯಂತಾಗಿತ್ತು. ಪೆಟ್ಟಿಗೆಯಲ್ಲಿ ಬಟ್ಟೆಯ ಥಾನು ಹಾಗೆಯೇ ಇತ್ತು; ಏಳು ಸಲ ಒಗೆದು ಎಳೆ ಉದುರದಂತೆ ಹದಮಾಡಿದ್ದು. ಅದನ್ನು ಎತ್ತುವಾಗ ಮಡಿಕೆಯೊಳಗಿನಿಂದ ದೊಡ್ಡ ಲಕೋಟೆಯೊಂದು ಜಾರಿತು. ನುಕೂಸಿನದಲ್ಲ, ಕುಂಗ್ರಾದಿನ ಚಿಕಿತ್ಸಾಲಯದ ಮೊಹರು. ಒಳಗೆ ಎದೆಯ ಎಕ್ಸ್‌ರೇ.

ತಾರೀಖು ನೋಡಿದಳು. ನುಕೂಸಿನಿಂದ ಮರಳಿದ ನಾಲ್ಕನೆಯ ದಿನ. ಗಿರಾಕಿಯ ಕ್ಯಾಮೆರಾ ಕೊಟ್ಟುಬರುತ್ತೇನೆ ಎಂದು ಅವನು ಒಬ್ಬನೇ ಕುಂಗ್ರಾದಿಗೆ ಹೋಗಿದ್ದ ದಿನ. ಫೋನಿಗೆ ಅವಳು ರೇಗಿದ್ದು ಅದಾದ ತಿಂಗಳ ಮೇಲೆ.

ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಅವನದೇ ಅಕ್ಷರ: ‘ಎರಡು ಯಂತ್ರ. ಅದೇ ಚುಕ್ಕೆ. ಗೋಡೆಯದು.’

ಅವನಿಗೆ ತಿಳಿದಿತ್ತು. ತಿಳಿದೇ ಪಕ್ಕದಲ್ಲಿ ಕುಳಿತು ನಕ್ಕಿದ್ದ. ವೈದ್ಯೆಗೆ ಆ ಮಾತನ್ನಾಡಲು ಅವಳನ್ನು ಬಿಟ್ಟಿದ್ದ. ಇಡೀ ವರ್ಷ ಅವಳು ರೊಟ್ಟಿ ತಟ್ಟುತ್ತ ಹಾಡಿಕೊಂಡಿದ್ದಳು. ಇನ್ನು ಯಾರು ಯಾರನ್ನು ಮನ್ನಿಸಬೇಕು? ಕೇಳಲು ಇದ್ದ ಒಂದು ಮಾತೂ ಅವಳ ಕೈತಪ್ಪಿತ್ತು.

ಅಂಗಳದಲ್ಲಿ ಗಂಡಸರ ಅಳು ಜೋರಾಯಿತು.

“ಜುಮಾಗುಲ್, ಮುಖ ಮುಚ್ತಾರಂತೆ, ಬಾ,” ಎನ್ನುತ್ತ ಶರಿಪಾ ಬಾಗಿಲಿಗೆ ಬಂದಳು. “ಬಟ್ಟೆ ಸಿಕ್ತಾ? ಏನು ಮಾಡ್ತಿದೀಯೆ ಅಲ್ಲಿ?”

ಜುಮಾಗುಲ್ ಎಕ್ಸ್‌ರೇಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಿದ್ದಳು. ರಬ್ಬರಿನ ಉಂಡೆಯನ್ನು ಒತ್ತಿ ಕೆಳಗಿನಿಂದ ಗಾಳಿ ಊದಿದಳು. ಥಾನಿನ ತುದಿಗೆ ಒಂದೇ ಹನಿ ಹಾಕಿ ಆ ಎರಡು ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಒರೆಸಿದಳು.

“ಧೂಳು ಆಪಾ. ಒಂದು ಚೂರು.”

“ಎತ್ತುತ್ತಿದಾರೆ ಕಣೆ, ನನ್ನಮ್ಮಾ. ಕಡೇ ಸಲ ನೋಡು ಬಾ.”

“ಅವರಿಗೆ ನಿಲ್ಲೋಕೆ ಹೇಳಿ. ಇನ್ನೊಂದೇ ಸಲ.”

ಚಟ್ಟ ಹೆಗಲಿಗೇರಿ ಬಾಗಿಲು ದಾಟಿದ ಸದ್ದು ಕೇಳಿಸಿತು. ಅವಳು ಬಟ್ಟೆಯ ಮಗ್ಗಲು ಬದಲಿಸಿ ಬಲದಿಂದ ಎಡಕ್ಕೆ ಒರೆಸಿದಳು.

ಈ ಕತೆಯನ್ನು ಕೇಳಿದವರೆಲ್ಲರ ಉಸಿರು ಹಗುರವಾಗಿರಲಿ; ಹೇಳಬೇಕಾದ ಮಾತಿಗೆ ಹೊತ್ತು ಉಳಿದಿರಲಿ.