ಮಗುಚಿಟ್ಟ ಮುಚ್ಚಳ

ಶನಿವಾರದೊಳಗೆ ತಪ್ಪು ಸಿಗದಿದ್ದರೆ ಹಳೆಯ ಕರ್ನಲ್ಲನ್ನೇ ಮತ್ತೆ ಹಾಕುವುದಾಗಿ ರಾಮಚಂದ್ರಪ್ಪನವರು ಹೇಳಿದರು. ಕೆಜಿಎಫ್‌ನಲ್ಲಿ ನಾನು ಪ್ರೋಗ್ರಾಂ ಬರೆಯುವ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಅವರು ಮುಖ್ಯಸ್ಥರು. ಕರ್ನಲ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂ; ಹೊಸದನ್ನು ಬರೆದವರು ನನ್ನ ಗಂಡ ಕೋದಂಡ. ಕಾಮಾಲೆಯಲ್ಲಿ ಅವರು ತೀರಿಕೊಂಡ ಮೇಲೆ ನಾನು ಬಂಗಾರಪೇಟೆಯ ತವರಿನಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದೆ.

"ನಂಗೂ ಮನಸ್ಸಿಲ್ಲಮ್ಮ," ಎಂದರು. "ಆದ್ರೆ ಕರೆಂಟ್ ಓಗಿ ಬಂದ್ಮೇಲೆ ಲೆಕ್ಕದಾಗೆ ಹಳೇ ಅಂಕಿ ಕೂತಿರ್ತವೆ. ಡಿಸೈನ್‌ನೋರು ನನ್ನ ತಿಂದಾಕ್ತಾವ್ರೆ."

ಅದು ೧೯೮೯. ಕರೆಂಟ್ ಯಾವಾಗ ಬೇಕಾದರೂ ಹೋಗುತ್ತಿತ್ತು, ಮೆಮೊರಿಯಲ್ಲಿದ್ದದ್ದೆಲ್ಲ ಅಳಿಯುತ್ತಿತ್ತು. ಅದಕ್ಕಾಗಿ ಹಳೆಯ ಕರ್ನಲ್ ಆಗಾಗ ಎಲ್ಲರ ಕೆಲಸ ನಿಲ್ಲಿಸಿ ಇಡೀ ಮೆಮೊರಿಯನ್ನು ಡಿಸ್ಕಿಗೆ ನಕಲು ಮಾಡುತ್ತಿತ್ತು. ಅಷ್ಟರಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋಗಿ ಬರುತ್ತಿದ್ದರು. ಮೆಮೊರಿ ಇರುವುದು ಪುಟಪುಟವಾಗಿ; ಬದಲಾದ ಪುಟಗಳನ್ನಷ್ಟೇ ಉಳಿಸಬೇಕು, ಯಾರ ಕೆಲಸವೂ ನಿಲ್ಲಬಾರದು ಎಂಬುದು ಕೋದಂಡರ ಹಟ. ಪುಟಗಳಿಗೆಲ್ಲ ಬೀಗ ಹಾಕಿದರು. ಯಾವುದೇ ಪ್ರೋಗ್ರಾಂ ಒಂದು ಪುಟದಲ್ಲಿ ಬರೆಯಲು ಹೋದರೆ ಕರ್ನಲ್‌ಗೆ ತಿಳಿಯುತ್ತಿತ್ತು. ಅದು ಪುಟಕ್ಕೆ ಗುರುತು ಹಾಕಿ ಬೀಗ ತೆಗೆಯುತ್ತಿತ್ತು. ಗುರುತಿದ್ದ ಪುಟಗಳಷ್ಟೇ ಡಿಸ್ಕಿಗೆ ಹೋಗುತ್ತಿದ್ದವು.

ಈ ಉಪಾಯ ಅವರಿಗೆ ಹೊಳೆದದ್ದು ಆಗ ನಾವಿದ್ದ, ಕೆಜಿಎಫ್‌ನ ನಂದಿದುರ್ಗ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಅಲ್ಲಿ ನಲ್ಲಿಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನೀರು. ಸಾಲಾಗಿಟ್ಟ ಮಡಕೆಗಳಲ್ಲಿ ಯಾರು ಯಾವುದರಿಂದ ನೀರು ತೆಗೆದರೂ ಅದರ ಮುಚ್ಚಳವನ್ನು ಮಗುಚಿಡಬೇಕೆಂದು ಅತ್ತೆ ಮುನಿಗಂಗಮ್ಮನವರ ಕಟ್ಟಳೆ. ಅಂಥ ಮಡಕೆಗಳನ್ನು ತುಂಬುವುದು ನನ್ನ ಕೆಲಸ. ಹೊಸದರಲ್ಲಿ ಒಂದು ದಿನ ಎಲ್ಲವನ್ನೂ ತುಂಬಿ, ಕೊನೆಗೆ ಮುಚ್ಚಳಗಳನ್ನು ಒಟ್ಟಿಗೆ ಸರಿಮಾಡಿದೆ.

"ಏನಮ್ಮಾ, ತುಂಬ್ಸಿದೀನಿ ಅಂದೆ. ಇದ್ರಾಗೆ ಕಾಗೆ ಕುಡ್ಯೋವಷ್ಟೂ ಇಲ್ವಲ್ಲ!" ಎಂದರು ಅತ್ತೆ.

ಕೋದಂಡ ಚೊಂಬು ಹಿಡಿದು ನಗುತ್ತಿದ್ದರು. ನಾನು ನಲ್ಲಿಗೆ ಹೋಗಿದ್ದಾಗ ತುಂಬಿದ್ದ ಮಡಕೆಯಿಂದಲೇ ಸ್ನಾನಕ್ಕೆ ತೆಗೆದಿದ್ದರು; ಅದರ ಮುಚ್ಚಳವನ್ನೂ ನಾನು ಉಳಿದವುಗಳ ಜೊತೆ ಸರಿಮಾಡಿಬಿಟ್ಟಿದ್ದೆ.

"ನಾನು ಮುಚ್ಚಳ ಮಗುಚಿಟ್ಟಿದ್ನಲ್ಲಮ್ಮ!" ಎಂದರು ಕೋದಂಡ.

"ಅದೊಂದು ಬತ್ತದೆ ನಿಂಗೆ. ಒಂದಿನನಾದ್ರೂ ಕೊಡ ಎತ್ತಿದೀಯೇನ್ಲಾ?" ಅತ್ತೆ ನನ್ನ ಕಡೆ ತಿರುಗಿದರು. "ಮೊದ್ಲು ಮುಚ್ಚಳ ಸರಿಮಾಡು ಕಣಮ್ಮ, ಆಮೇಲೆ ಆ ಮಡಕೆ ನೀರಿಗೆ ಓಗು. ಇವ್ನು ಮತ್ತೆ ತಗುದ್ರೆ ಮತ್ತೆ ಮಗುಚ್ತಾನೆ."

ಆ ವಾರವೇ ಕೋದಂಡ, "ಮೆಮೊರಿಗೂ ಮುಚ್ಚಳ ಹಾಕ್ತೀನಿ ನೋಡು" ಎಂದಿದ್ದರು.

ಶುಕ್ರವಾರ ರೈಲಿನಲ್ಲಿ ಅವರ ಪ್ರೋಗ್ರಾಮಿನ ಪ್ರಿಂಟ್ ಹಾಳೆಗಳನ್ನು ಬಿಡಿಸಿದೆ. ಗುರುತಿದ್ದ ಪುಟಗಳನ್ನೆಲ್ಲ ನಕಲು ಮಾಡಿ, ಕೊನೆಗೆ ಗುರುತುಗಳನ್ನು ಒಟ್ಟಿಗೆ ಅಳಿಸಿ ಬೀಗ ಹಾಕಿದ್ದರು. ಈ ನಡುವೆ ಯಾರಾದರೂ ಅದೇ ಪುಟದಲ್ಲಿ ಮತ್ತೆ ಬರೆದರೆ? ಗುರುತು ಅಳಿಯುತ್ತಿತ್ತು, ಹೊಸ ಅಂಕಿ ಡಿಸ್ಕಿಗೆ ಹೋಗುತ್ತಲೇ ಇರಲಿಲ್ಲ. ಮುಚ್ಚಳ ಮಗುಚುವುದಷ್ಟೇ ಗೊತ್ತಿದ್ದವರು. ಕೊಡ ಎತ್ತಿದವರಲ್ಲ. ಗಟ್ಟಿಯಾಗಿ ನಕ್ಕುಬಿಟ್ಟೆ. ಎದುರು ಕೂತಿದ್ದ ಹೆಂಗಸು ನನ್ನ ಬರಿಯ ಹಣೆಯನ್ನು ನೋಡಿದಳು.

ಶನಿವಾರ ಬದಲಿಸಿದೆ. ಪ್ರತಿ ಪುಟಕ್ಕೂ ಮೊದಲು ಗುರುತು ಅಳಿಸಿ ಬೀಗ ಹಾಕುವುದು, ಆಮೇಲೆ ನಕಲು. ಲೆಕ್ಕ ಓಡುತ್ತಿರುವಾಗಲೇ ರಾಮಚಂದ್ರಪ್ಪನವರು ತಾವೇ ಮೇನ್ ಸ್ವಿಚ್ ಎಳೆದರು. ಮತ್ತೆ ಹಾಕಿದಾಗ ಅಂಕಿಗಳು ಸರಿಯಿದ್ದವು. ನಂಬದೆ ಮತ್ತೆ ಮತ್ತೆ ಎಳೆದರು.

"ಇದೇ ಓಡ್ಲಿ ಬಿಡಮ್ಮ," ಎಂದರು ಕೊನೆಗೆ. "ತಿದ್ದಿದೋರು ಅಂತ ನಿನ್ ಹೆಸ್ರೂ ಹಾಕ್ಕೋ."

"ಬೇಡ ಸಾರ್. ಅವರದೊಂದೇ ಇರಲಿ."

ರಾಮಚಂದ್ರಪ್ಪನವರು ಮನೆಗೆ ಹೋದರು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಇಷ್ಟು ದಿನ ಕೋದಂಡರ ಜೊತೆ ಒಂದು ಕೆಲಸ ಬಾಕಿ ಇತ್ತು. ಈಗ ಅದೂ ಮುಗಿದಿತ್ತು.

ಇನ್ನೊಂದು ತಪ್ಪು ಇರಬಹುದೇನೋ ಎಂದು ಅವರ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದತೊಡಗಿದೆ.